ಇಪ್ಪತ್ತನೇ ಸಲ ನೋಡಿದ ಮೇಲೆ

ಕನ್ನಡಿ ನೋಡುವುದನ್ನು ಯಾರಿಗೂ ಯಾರೂ ಕಲಿಸುವುದಿಲ್ಲ. ಆದರೆ ಅಮೆರಿಕದ ಬಾಸ್ಟನ್ ನಗರದ ಒಂದು ಚಿಕಿತ್ಸಾ ಕೇಂದ್ರದಲ್ಲಿ ಅದನ್ನು ಪಾಠದ ಹಾಗೆ ಹೇಳಿಕೊಡುತ್ತಾರೆ. ಆಳೆತ್ತರದ ಕನ್ನಡಿಯಿಂದ ಎರಡು ಮೂರು ಅಡಿ ದೂರ ನಿಲ್ಲಬೇಕು. ಗಾಜಿಗೆ ಮುಖ ತಾಗುವಷ್ಟು ಹತ್ತಿರ ಹೋಗುವಂತಿಲ್ಲ. ತಲೆಗೂದಲಿನಿಂದ ಶುರುಮಾಡಿ ಪಾದದವರೆಗೆ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಹೋಗಬೇಕು. ‘ಮೂಗು ಅಸಹ್ಯವಾಗಿದೆ’ ಎಂದರೆ ತಪ್ಪು. ‘ಮೂಗು ಮುಖದ ನಡುವೆ ಇದೆ, ತುದಿ ದುಂಡಗಿದೆ, ಕೆನ್ನೆಗಿಂತ ತುಸು ಕೆಂಪು’ ಎಂದರೆ ಸರಿ. ಮೂಗಿನ ಹತ್ತಿರ ಬಂದಾಗ ಅಲ್ಲೇ ಬೀಡುಬಿಡುವಂತಿಲ್ಲ, ಕಣ್ಣು ತಪ್ಪಿಸಿ ದಾಟಿ ಹೋಗುವಂತೆಯೂ ಇಲ್ಲ. ಕಿವಿಗೆ, ಹೆಗಲಿಗೆ, ಮೊಣಕೈಗೆ ಎಷ್ಟು ಹೊತ್ತು ಸಿಕ್ಕಿತೋ ಮೂಗಿಗೂ ಅಷ್ಟೇ ಹೊತ್ತು.

ಕೇಳುವುದಕ್ಕೆ ಮಕ್ಕಳಾಟ. ಆದರೆ ಇಲ್ಲಿಗೆ ಬರುವವರು ಎಷ್ಟೋ ವರ್ಷಗಳಿಂದ ತಮ್ಮ ಮೂಗನ್ನೋ ಹಣೆಯನ್ನೋ ಕೆನ್ನೆಯ ಒಂದು ಗುಳಿಯನ್ನೋ ಬಿಟ್ಟು ಕನ್ನಡಿಯಲ್ಲಿ ಬೇರೇನನ್ನೂ ನೋಡಿರುವುದಿಲ್ಲ. ಅವರಿಗೆ ತಮ್ಮ ಮೊಣಕೈ ಹೇಗಿದೆ ಎಂಬುದೇ ಹೊಸ ಸುದ್ದಿ.

ಈ ಪಾಠವನ್ನು ಚಿಕಿತ್ಸೆಯ ಶಿಸ್ತಿನೊಳಗೆ ತಂದವರಲ್ಲಿ ಮುಖ್ಯರಾದವರು ಸಬೀನ್ ವಿಲ್ಹೆಲ್ಮ್. ಜರ್ಮನಿಯಲ್ಲಿ ಓದಿದ ಮನಶ್ಶಾಸ್ತ್ರಜ್ಞೆ; ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಪ್ರಾಧ್ಯಾಪಕಿ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಒಸಿಡಿ ಮತ್ತು ಅದರ ಬಳಗದ ಕಾಯಿಲೆಗಳ ಕೇಂದ್ರವನ್ನು ಮುನ್ನಡೆಸಿದವರು. ಅವರ ಸಂಶೋಧನೆ ಎರಡು ಕಾಯಿಲೆಗಳ ನಡುವೆ ಓಡಾಡುತ್ತ ಬಂದಿದೆ. ಒಂದು ಒಸಿಡಿ, ಅಂದರೆ ಗೀಳು ರೋಗ. ಇನ್ನೊಂದು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್, ಚಿಕ್ಕದಾಗಿ ಬಿಡಿಡಿ. ‘ದೇಹರೂಪದ ಗೀಳು’ ಎಂದರೆ ಅದರ ಅರ್ಥ ಕನ್ನಡದಲ್ಲಿ ಸುಮಾರಾಗಿ ಹಿಡಿಸುತ್ತದೆ.

ಮೊದಲು ಈ ಎರಡನೆಯದನ್ನು ನೋಡೋಣ. ಬೇರೆಯವರ ಕಣ್ಣಿಗೆ ಬೀಳದ, ಬಿದ್ದರೂ ಲೆಕ್ಕಕ್ಕಿಲ್ಲದ ಒಂದು ಕೊರತೆ ತನ್ನ ಮುಖದಲ್ಲೋ ಮೈಯಲ್ಲೋ ಇದೆ ಎಂಬ ಚಿಂತೆ ಮನುಷ್ಯನನ್ನು ಹಿಡಿದುಬಿಡುವುದೇ ಬಿಡಿಡಿ. ಚಿಂತೆಯಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಅದರ ಹಿಂದೆ ಕೆಲಸಗಳ ಸಾಲು ಬರುತ್ತದೆ. ಕನ್ನಡಿ, ಬೈಕಿನ ಮಿರರ್, ಅಂಗಡಿಯ ಗಾಜು, ಮೊಬೈಲಿನ ಕಪ್ಪು ಪರದೆ, ಪ್ರತಿಬಿಂಬ ಸಿಕ್ಕಲ್ಲೆಲ್ಲ ಒಮ್ಮೆ ಇಣುಕಬೇಕು. ಎದುರು ಕೂತವರ ಮೂಗಿನೊಂದಿಗೆ ತನ್ನದನ್ನು ಹೋಲಿಸಬೇಕು. ಕೂದಲನ್ನು ಹಣೆಯ ಮೇಲೆ ಇಳಿಬಿಡಬೇಕು, ಮದುವೆ ಮನೆಯಲ್ಲಿ ಫೋಟೊ ತೆಗೆಯುವ ಹೊತ್ತಿಗೆ ಮಾಯವಾಗಬೇಕು. ಚರ್ಮವೈದ್ಯರ ಬಳಿಗೋ ಪ್ಲಾಸ್ಟಿಕ್ ಸರ್ಜನ್ ಬಳಿಗೋ ಅಲೆಯಬೇಕು. ಅಲೆದರೂ ಸಮಾಧಾನ ಸಿಗುವುದು ಅಪರೂಪ. ಮೂಗು ಸರಿಯಾದರೆ ದವಡೆ ಶುರುವಾಗುತ್ತದೆ, ಇಲ್ಲವೇ ಅದೇ ಮೂಗು ‘ಮೊದಲಿಗಿಂತ ಹಾಳಾಯಿತು’.

ಇದು ಸೆಲ್ಫಿ ಕಾಲದ ಕಾಯಿಲೆ ಎಂದುಕೊಳ್ಳುವವರಿದ್ದಾರೆ. ಇಟಲಿಯ ವೈದ್ಯ ಎನ್ರಿಕೊ ಮೊರ್ಸೆಲ್ಲಿ ಇದನ್ನು ವಿವರಿಸಿ ಇದಕ್ಕೊಂದು ಹೆಸರಿಟ್ಟದ್ದು 1891ರಲ್ಲಿ. ಆಗ ಮೊಬೈಲ್ ಎಲ್ಲಿತ್ತು! ನೂರು ಜನರಲ್ಲಿ ಸುಮಾರು ಇಬ್ಬರಿಗೆ ಇರುವ ಕಾಯಿಲೆ ಇದು, ಗಂಡಸರಿಗೂ ಬರುತ್ತದೆ. ಮೂರರಲ್ಲಿ ಎರಡು ಪಾಲು ಜನರಲ್ಲಿ 18 ತುಂಬುವ ಮೊದಲೇ ಕಾಣಿಸಿಕೊಳ್ಳುತ್ತದೆ. ಚಿಕ್ಕಂದಿನಲ್ಲಿ ರೂಪದ ಬಗ್ಗೆ ಛೇಡಿಸಿಕೊಂಡ ನೆನಪು ಈ ಕಾಯಿಲೆ ಇರುವವರಲ್ಲಿ ಹೆಚ್ಚೆಂದು ವಿಲ್ಹೆಲ್ಮ್ ಮತ್ತು ಅವರ ಸಹೋದ್ಯೋಗಿಗಳು 2007ರಲ್ಲಿ ತೋರಿಸಿದರು. ‘ಕರಿಯ’, ‘ಡುಮ್ಮಿ’, ‘ಕುಳ್ಳ’ ಎಂದು ಮುದ್ದಿಗೆ ಕರೆಯುವ ನಮ್ಮ ಮನೆಗಳಲ್ಲಿ ಇದನ್ನು ಓದಿ ಸುಮ್ಮನೆ ಪುಟ ತಿರುಗಿಸುವುದು ನನಗಂತೂ ಆಗಲಿಲ್ಲ.

ಹೀಗಾದರೆ ಇದಕ್ಕೂ ಒಸಿಡಿಗೂ, ಅಂದರೆ ಪದೇ ಪದೇ ಕೈ ತೊಳೆಯಿಸುವಂಥ ಕಾಯಿಲೆಗೂ, ಏನು ನೆಂಟಸ್ತಿಕೆ? ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯನ್ನು ಪರಿಷ್ಕರಿಸಿದಾಗ ಬಿಡಿಡಿಯನ್ನು ಎತ್ತಿ ಒಸಿಡಿಯ ಅಧ್ಯಾಯದಲ್ಲೇ ಕೂರಿಸಿತು. ಹೊರನೋಟಕ್ಕೆ ಬೇರೆಬೇರೆಯಾಗಿ ಕಾಣುವ ಇವೆರಡರ ಒಳಗಿನ ಯಂತ್ರ ಒಂದೇ ಬಗೆಯದು ಎಂಬುದು ಅದರ ಹಿಂದಿನ ತರ್ಕ. ಆ ಯಂತ್ರವನ್ನು ಬಿಚ್ಚಿ ನೋಡಲು ಒಸಿಡಿಯ ಕಡೆಯಿಂದ ಹೋಗುವುದೇ ಸುಲಭ.

‘ಗೀಳು’ ಎಂಬ ಪದವನ್ನು ನಾವು ತೀರ ಅಗ್ಗ ಮಾಡಿಕೊಂಡಿದ್ದೇವೆ. ಕ್ರಿಕೆಟ್ ಗೀಳು, ರೀಲ್ಸ್ ಗೀಳು. ಅಲ್ಲಿ ಖುಷಿಯಿದೆ. ಒಸಿಡಿಯ ಗೀಳಿನಲ್ಲಿ ಖುಷಿಯ ಸುಳಿವೂ ಇಲ್ಲ. ಬೇಡವೆಂದರೂ ನುಗ್ಗುವ ಯೋಚನೆ ಒಂದು ಕಡೆ. ಅದು ಹುಟ್ಟಿಸುವ ಸಂಕಟವನ್ನು ಇಳಿಸಲು ಮಾಡಲೇಬೇಕಾದ ಕೆಲಸ ಇನ್ನೊಂದು ಕಡೆ. ತೊಳೆಯುವುದು, ಎಣಿಸುವುದು, ಬೀಗ ಜಗ್ಗಿ ನೋಡುವುದು, ಮನಸ್ಸಿನೊಳಗೇ ಒಂದು ಸ್ತೋತ್ರವನ್ನು ತಪ್ಪಿಲ್ಲದೆ ಮುಗಿಸುವುದು.

ಕೆಟ್ಟ ಯೋಚನೆ ಬರುವುದೇ ಕಾಯಿಲೆ ಎಂದು ಬಹಳ ಕಾಲ ಅಂದುಕೊಂಡಿದ್ದರು. 1978ರಲ್ಲಿ ಲಂಡನ್ನಿನಲ್ಲಿ ಸ್ಟ್ಯಾನ್ಲಿ ರ‍್ಯಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವಾ ಯಾವ ಕಾಯಿಲೆಯೂ ಇಲ್ಲದವರನ್ನು ಕೇಳಿ ನೋಡಿದರು. ನೂರಕ್ಕೆ ಸುಮಾರು 80 ಮಂದಿ ತಮಗೂ ಅಂಥ ಯೋಚನೆಗಳು ಬರುತ್ತವೆ ಎಂದರು. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 13 ದೇಶಗಳ 777 ವಿದ್ಯಾರ್ಥಿಗಳನ್ನು ಕೇಳಿತು. ಹಿಂದಿನ ಮೂರು ತಿಂಗಳಲ್ಲಿ ಒಂದಾದರೂ ಬೇಡದ ಯೋಚನೆ ಬಂದಿದೆ ಎಂದವರು ನೂರಕ್ಕೆ 94. ರೈಲು ಬರುತ್ತಿರುವಾಗ ಪಕ್ಕದವರನ್ನು ತಳ್ಳಿಬಿಟ್ಟರೆ? ತರಕಾರಿ ಹೆಚ್ಚುವ ಚಾಕು ಕೈಯಲ್ಲಿರುವಾಗ ಮಗು ಹತ್ತಿರ ಬಂದರೆ? ದೇವರ ಮುಂದೆ ಕೈಮುಗಿದ ಗಳಿಗೆಯಲ್ಲೇ ನಾಲಿಗೆಗೆ ಬಂದು ನಿಲ್ಲುವ ಹೊಲಸು ಬೈಗುಳ! ಬಹುಪಾಲು ಜನ ‘ಛೆ, ಇದೇನು’ ಎಂದು ತಲೆ ಕೊಡವಿ ಮುಂದೆ ಹೋಗುತ್ತಾರೆ. ಕೆಲವರು ಅಲ್ಲೇ ನಿಲ್ಲುತ್ತಾರೆ: ‘ಇಂಥದ್ದು ನನ್ನ ತಲೆಗೆ ಬಂತೆಂದರೆ ನಾನು ಎಂಥವನಿರಬೇಕು?’ ಕಾಯಿಲೆಯ ಬೀಜ ಬೀಳುವುದು ಈ ಎರಡನೆಯ ಪ್ರಶ್ನೆಯಲ್ಲಿ.

ವಿಲ್ಹೆಲ್ಮ್ ಅವರ ಆರಂಭದ ಪ್ರಯೋಗವೊಂದು ಇದೇ ಅಂಟಿಕೊಳ್ಳುವ ಗುಣವನ್ನು ಹಿಡಿಯುತ್ತದೆ. 1996ರಲ್ಲಿ ಪ್ರಕಟವಾದದ್ದು. ಒಸಿಡಿ ಇರುವವರಿಗೂ ಇಲ್ಲದವರಿಗೂ ಒಂದೊಂದೇ ಪದ ತೋರಿಸುವುದು, ಪ್ರತಿ ಪದದ ಹಿಂದೆಯೇ ‘ಇದನ್ನು ನೆನಪಿಡಿ’ ಅಥವಾ ‘ಇದನ್ನು ಮರೆತುಬಿಡಿ’ ಎಂಬ ಸೂಚನೆ. ಕೊನೆಗೆ ಎಲ್ಲ ಪದಗಳನ್ನೂ ನೆನಪಿಸಿಕೊಳ್ಳಲು ಹೇಳಿದಾಗ ಒಸಿಡಿ ಇರುವವರ ತೊಡಕು ಹೊರಬಿತ್ತು. ಮರೆಯಿರಿ ಎಂದಿದ್ದ ಕೆಟ್ಟ ಅರ್ಥದ ಪದಗಳನ್ನು ಅವರಿಗೆ ಮರೆಯಲಾಗುತ್ತಿರಲಿಲ್ಲ.

ಅಂದರೆ ಇವರ ನೆನಪು ದುರ್ಬಲವಲ್ಲ. ಹಾಗಾದರೆ ಐದು ನಿಮಿಷದ ಹಿಂದೆ ಆರಿಸಿದ ಗ್ಯಾಸ್ ಏಕೆ ನೆನಪಿರುವುದಿಲ್ಲ?

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಚೆಂದದ ಉತ್ತರ ವಿಲ್ಹೆಲ್ಮ್ ಅವರದಲ್ಲ, ನೆದರ್ಲೆಂಡ್ಸಿನ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ ಅವರದು. 2003ರಲ್ಲಿ ಅವರು ಯಾವ ಕಾಯಿಲೆಯೂ ಇಲ್ಲದ ವಿದ್ಯಾರ್ಥಿಗಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಪರದೆಯ ಮೇಲೆ ಒಂದು ಗ್ಯಾಸ್ ಒಲೆ. ಕೆಲವು ಬರ್ನರ್‌ಗಳನ್ನು ಹಚ್ಚಬೇಕು, ಆರಿಸಬೇಕು, ಆರಿದೆಯೇ ಎಂದು ನೋಡಬೇಕು. ಒಂದು ಗುಂಪು ಇದನ್ನೇ 20 ಸಲ ಮಾಡಿತು. ಇನ್ನೊಂದು ಗುಂಪು ಆ ನಡುವೆ ಒಲೆ ಬಿಟ್ಟು ಬಲ್ಬುಗಳನ್ನು ಪರೀಕ್ಷಿಸಿತು. ಆಮೇಲೆ ಇಬ್ಬರೂ ಮತ್ತೊಮ್ಮೆ ಒಲೆ ನೋಡಿದರು. ‘ಈಗ ನೋಡಿದ್ದು ಯಾವ ಬರ್ನರ್‌ಗಳನ್ನು’ ಎಂದು ಕೇಳಿದರು.

ಉತ್ತರ ಎರಡೂ ಗುಂಪಿನವರದು ಸರಿಯಾಗಿಯೇ ಇತ್ತು. ಆದರೆ 20 ಸಲ ಒಲೆ ನೋಡಿದವರಿಗೆ ತಮ್ಮ ಉತ್ತರದ ಮೇಲೆ ನಂಬಿಕೆ ಇರಲಿಲ್ಲ. ನೆನಪಿನಲ್ಲಿದ್ದ ಚಿತ್ರ ಮಂಜು ಕವಿದಂತಾಗಿತ್ತು, ವಿವರಗಳು ಕರಗಿದ್ದವು. ಕೆನಡಾದ ಮಾಂಟ್ರಿಯಲ್ಲಿನಲ್ಲಿ 2006ರಲ್ಲಿ ನಿಜವಾದ ಅಡುಗೆಮನೆಯ ನಿಜವಾದ ಒಲೆಯ ಮೇಲೆ ಇದನ್ನು ಮಾಡಿ ನೋಡಿದಾಗಲೂ ನಂಬಿಕೆ ಹೀಗೆಯೇ ಕುಸಿಯಿತು.

ಕಾರಣ ತಿಳಿದುಕೊಳ್ಳಲು ದೂರ ಹೋಗಬೇಕಿಲ್ಲ. ಒಂದು ಪದವನ್ನು, ಉದಾಹರಣೆಗೆ ‘ಬಾಳೆಕಾಯಿ’ಯನ್ನು, ಐವತ್ತು ಸಲ ಗಟ್ಟಿಯಾಗಿ ಹೇಳಿ ನೋಡಿ, ಕೊನೆಗೆ ಅದು ಯಾವ ಭಾಷೆಯ ಪದವೆಂದೇ ಗೊತ್ತಾಗುವುದಿಲ್ಲ. ಮೊದಲ ಸಲ ಒಲೆ ನೋಡುವಾಗ ಕಣ್ಣು ನಿಜಕ್ಕೂ ನೋಡುತ್ತದೆ: ನಾಬ್‌ನ ಮೇಲಿನ ಎಣ್ಣೆಯ ಕಲೆ, ಇಳಿಯುತ್ತಿರುವ ನೀಲಿ ಜ್ವಾಲೆ, ಟಕ್ ಎಂಬ ಸದ್ದು. ಹತ್ತನೇ ಸಲದ ಹೊತ್ತಿಗೆ ಮಿದುಳು ‘ಒಲೆ ನೋಡಿದ್ದಾಯಿತು’ ಎಂಬ ಒಣ ಶರಾವನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಆರಿಸಿದ್ದೇನೆಂದು ಗೊತ್ತು, ಆರಿಸಿದ ಗಳಿಗೆ ಕಣ್ಣಿಗೆ ಕಟ್ಟುವುದಿಲ್ಲ. ಕಣ್ಣಿಗೆ ಕಟ್ಟದ ಕಾರಣ ಅನುಮಾನ. ಅನುಮಾನ ಬಂದದ್ದಕ್ಕೆ ಇನ್ನೊಮ್ಮೆ ನೋಡುವುದು. ಖಚಿತ ಮಾಡಿಕೊಳ್ಳಲು ನೋಡಿದ ಪ್ರತಿ ನೋಟವೂ ಖಚಿತತೆಯನ್ನು ಇಷ್ಟಿಷ್ಟೇ ತಿಂದುಹಾಕುತ್ತದೆ. ಊರಿಗೆ ಹೊರಟಾಗ ಬೀಗವನ್ನು ಮೂರು ಸಲ ಜಗ್ಗುವ ಅಭ್ಯಾಸ ನನಗೂ ಇತ್ತು. ಈ ಪ್ರಯೋಗದ ಬಗ್ಗೆ ಓದಿದ ಮೇಲೆ ಒಂದಕ್ಕೆ ಇಳಿಸಿದ್ದೇನೆ. ಬಸ್ಸಿನಲ್ಲಿ ಕೂತ ಮೇಲೆ ಬೀಗ ಈಗ ಹೆಚ್ಚು ಚೆನ್ನಾಗಿ ನೆನಪಾಗುತ್ತದೆ ಎಂದರೆ ನಂಬಬೇಕು.

ಈಗ ಒಲೆಯ ಜಾಗದಲ್ಲಿ ಕನ್ನಡಿ ಇಡಿ.

ಲಂಡನ್ನಿನ ಮನೋವೈದ್ಯ ಡೇವಿಡ್ ವೀಲ್ ಮತ್ತು ಸಂಗಡಿಗರು 2011ರಲ್ಲಿ ಅದನ್ನೇ ಮಾಡಿದರು. ಬಿಡಿಡಿ ಇರುವವರೂ ಇಲ್ಲದವರೂ ಒಮ್ಮೆ ಅರ್ಧ ನಿಮಿಷಕ್ಕೂ ಕಡಿಮೆ ಹೊತ್ತು, ಇನ್ನೊಮ್ಮೆ 10 ನಿಮಿಷ ಕನ್ನಡಿ ದಿಟ್ಟಿಸಬೇಕು. ಬಿಡಿಡಿ ಇರುವವರಿಗೆ ಎರಡರಲ್ಲೂ ಸಂಕಟ ಏರಿತು, ಅದು ನಿರೀಕ್ಷಿತವೇ. ಕುತೂಹಲವಿರುವುದು ಆರೋಗ್ಯವಂತರಲ್ಲಿ. ಗಳಿಗೆಯ ನೋಟದಿಂದ ಅವರಿಗೆ ಏನೂ ಆಗಲಿಲ್ಲ, ಹತ್ತು ನಿಮಿಷದ ನೋಟ ಅವರನ್ನೂ ಕಂಗೆಡಿಸಿತು. ಹತ್ತು ನಿಮಿಷ ಒಂದೇ ಸಮನೆ ದಿಟ್ಟಿಸಿದರೆ ಯಾರ ಮುಖವಾದರೂ ಯಾರದೋ ಮುಖವಾಗುತ್ತದೆ. ಬಿಡಿಡಿ ಇರುವವರು ಕನ್ನಡಿಯ ಮುಂದೆ ಒಂದೇ ಸಲಕ್ಕೆ ಒಂದು ಗಂಟೆಗೂ ಮೀರಿ ನಿಲ್ಲುವುದುಂಟು. ಏನು ಹುಡುಕುತ್ತಾರೆ ಎಂದು ಕೇಳಿದರೆ ಸಿಗುವ ಉತ್ತರ ಕರುಳು ಹಿಂಡುತ್ತದೆ: ಈ ಸಲವಾದರೂ ಬೇರೆ ಥರ ಕಾಣಬಹುದೆಂಬ ಆಸೆ. ಕನ್ನಡಿಯೊಳಗಿನ ಗಂಟು ಎಂಬ ಮಾತು ಇವರನ್ನು ನೋಡಿಯೇ ಹುಟ್ಟಿರಬೇಕು.

ಯಂತ್ರ ಒಂದೇ ಆದರೂ ಬಿಡಿಡಿಯಲ್ಲಿ ಇನ್ನೂ ಎರಡು ಮೂರು ತಿರುಪುಗಳಿವೆ. ಕ್ಯಾಲಿಫೋರ್ನಿಯಾದ ಜೇಮಿ ಫ್ಯೂಸ್ನರ್ ಅವರ ತಂಡ 2007ರಲ್ಲಿ ಮಿದುಳಿನ ಸ್ಕ್ಯಾನ್ ತೆಗೆಯುತ್ತ ಮುಖಗಳ ಚಿತ್ರ ತೋರಿಸಿತು. ಕೆಲವು ಮಾಮೂಲಿ ಚಿತ್ರಗಳು, ಕೆಲವದರಲ್ಲಿ ಬರೀ ಸೂಕ್ಷ್ಮ ಗೆರೆಗಳು, ಕೆಲವು ಮಸುಕು ಮಸುಕಾಗಿ ಒಟ್ಟು ಆಕಾರವಷ್ಟೇ ಕಾಣುವಂಥವು. ಸಾಮಾನ್ಯವಾಗಿ ಮುಖವನ್ನು ನಾವು ಇಡಿಯಾಗಿ ಗ್ರಹಿಸುತ್ತೇವೆ. ಬಿಡಿಡಿ ಇರುವವರಲ್ಲಿ ಮಾತ್ರ ಮಸುಕು ಮುಖಕ್ಕೂ ಬಿಡಿ ವಿವರಗಳನ್ನು ಹೆಕ್ಕುವ ಮಿದುಳಿನ ಎಡಭಾಗವೇ ಹೆಚ್ಚು ಕೆಲಸ ಮಾಡುತ್ತಿತ್ತು. ತೋರಿಸಿದ್ದು ಅವರ ಮುಖಗಳನ್ನಲ್ಲ, ಅಪರಿಚಿತರದ್ದು. ಅಂದರೆ ‘ನನ್ನ ರೂಪ ನನಗಿಷ್ಟವಿಲ್ಲ’ ಎಂಬ ಅಭಿಪ್ರಾಯದ ಕೆಳಗೆ, ನೋಡುವ ರೀತಿಯಲ್ಲೇ ಒಂದು ವಾಲಿಕೆ ಇದೆ. ರಂಗೋಲಿಯಲ್ಲಿ ಚುಕ್ಕಿಗಳೇ ಕಂಡು ಹೂವು ಕಾಣದ ಹಾಗೆ. ಬಾಸ್ಟನ್ನಿನ ಕನ್ನಡಿ ಪಾಠ ತಲೆಯಿಂದ ಪಾದದವರೆಗೆ ಏಕೆ ಹೋಗುತ್ತದೆ ಎಂಬುದು ಇಲ್ಲಿಗೆ ಬಂದಾಗ ಅರ್ಥವಾಗುತ್ತದೆ.

ಎದುರಿನವರ ಮುಖ ಓದುವುದರಲ್ಲೂ ಎಡವಟ್ಟಿದೆ. ಉಲ್ರಿಕೆ ಬುಲ್‌ಮನ್, ನ್ಯಾನ್ಸಿ ಎಟ್‌ಕಾಫ್ ಮತ್ತು ವಿಲ್ಹೆಲ್ಮ್ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ ಭಾವವಿಲ್ಲದ ಸಾದಾ ಮುಖಗಳ ಫೋಟೊಗಳಿದ್ದವು. ‘ಈ ವ್ಯಕ್ತಿ ನಿಮ್ಮನ್ನೇ ನೋಡುತ್ತಿದ್ದಾನೆ ಎಂದುಕೊಳ್ಳಿ’ ಎಂಬರ್ಥದ ಸನ್ನಿವೇಶ ಕೊಟ್ಟಾಗ ಬಿಡಿಡಿ ಇರುವವರು ಅದೇ ಮುಖದಲ್ಲಿ ತಿರಸ್ಕಾರವನ್ನು ಓದಿದರು. ಬಸ್ ನಿಲ್ದಾಣದಲ್ಲಿ ಯಾರೋ ಯಾವುದೋ ಬೋರ್ಡ್ ಓದಲು ಈ ಕಡೆ ತಿರುಗಿದರೂ ಸಾಕು, ಕಾಯಿಲೆಗೆ ಇನ್ನೊಂದು ಸಾಕ್ಷಿ ಸಿಕ್ಕಿತು.

ಇನ್ನು ತಿಳಿವಿನ ಮಾತು. ಒಸಿಡಿ ಇರುವ ಹೆಚ್ಚಿನವರಿಗೆ ತಮ್ಮ ಭಯ ಅತಿಯೆಂದು ಗೊತ್ತಿರುತ್ತದೆ. ಗೊತ್ತಿದ್ದೂ ಬಿಡಲಾಗುವುದಿಲ್ಲ, ಅದೇ ಅವರ ಪಾಡು. ಬಿಡಿಡಿ ಇರುವವರಿಗೆ ಮೂಗು ಸೊಟ್ಟ ಎಂಬುದು ಸೂರ್ಯ ಪೂರ್ವದಲ್ಲಿ ಹುಟ್ಟುವಷ್ಟೇ ಸತ್ಯ. ಎರಡನ್ನೂ ಹೋಲಿಸಿದ 2004ರ ಒಂದು ಅಧ್ಯಯನದಲ್ಲಿ ನಂಬಿಕೆ ಭ್ರಮೆಯ ಮಟ್ಟಕ್ಕೆ ಹೋಗಿದ್ದವರು ಒಸಿಡಿಯಲ್ಲಿ ನೂರಕ್ಕೆ ಇಬ್ಬರು, ಬಿಡಿಡಿಯಲ್ಲಿ ನೂರಕ್ಕೆ ಸುಮಾರು 39. ಅದಕ್ಕೇ ಇವರು ಮನೋವೈದ್ಯರ ಬಾಗಿಲಿಗೆ ಬರುವುದೇ ತಡ. ಮೂಗು ಸೊಟ್ಟಗಿರುವವನಿಗೆ ಬೇಕಾದದ್ದು ಮೂಗಿನ ಡಾಕ್ಟರು, ಮನಸ್ಸಿನ ಡಾಕ್ಟರಲ್ಲ, ಎಂಬುದು ಅವರ ವಾದ. ತುಂಬು ಸಂಕೋಚ, ಹೇಳಿದರೆ ‘ಎಷ್ಟು ಒಣ ಜಂಭ’ ಎನ್ನುತ್ತಾರೇನೋ ಎಂಬ ಅಳುಕು ಬೇರೆ. ಜಂಭಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಬದುಕೇ ಬೇಡ ಎಂಬ ಯೋಚನೆ ಈ ಕಾಯಿಲೆಯಲ್ಲಿ ತುಂಬ ಸಾಮಾನ್ಯ. ಹಾಗೆ ಯಾರಾದರೂ ಬಾಯಿಬಿಟ್ಟರೆ ಮೂಗಿನ ವಿಷಯಕ್ಕೆ ಇಷ್ಟೊಂದು ರಂಪವೇ ಎನ್ನದೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಚಿಕಿತ್ಸೆಯ ಮೂಲತತ್ವ ಹಳೆಯದು, ಒಸಿಡಿಗೆಂದು ಹುಟ್ಟಿದ್ದು. ಲಂಡನ್ನಿನಲ್ಲಿ ವಿಕ್ಟರ್ ಮೇಯರ್ 1966ರಲ್ಲಿ ವರದಿ ಮಾಡಿದ್ದು: ಭಯ ಹುಟ್ಟಿಸುವುದನ್ನು ಮುಟ್ಟಿಸಬೇಕು, ಆಮೇಲಿನ ತೊಳೆಯುವಿಕೆಯನ್ನು ತಡೆಯಬೇಕು. ತಡೆದರೆ ಸಂಕಟ ಏರುತ್ತಲೇ ಹೋಗಿ ಏನೋ ಆಗಿಬಿಡುತ್ತದೆ ಎಂಬುದು ರೋಗಿಯ ಭಯ, ಮನೆಯವರ ಭಯವೂ ಹೌದು. ರ‍್ಯಾಕ್‌ಮನ್ ಮತ್ತು ಡಿ ಸಿಲ್ವಾ 1976ರಲ್ಲಿ ಗಡಿಯಾರ ಇಟ್ಟುಕೊಂಡು ಕಾದು ಕೂತರು. ಏನನ್ನೂ ಮಾಡದೆ ಬಿಟ್ಟರೂ ತುಡಿತ ಮೊದಲ ಒಂದು ಗಂಟೆಯಲ್ಲೇ ಬಹುಪಾಲು ಇಳಿಯಿತು; ಮೂರು ಗಂಟೆಯ ಹೊತ್ತಿಗೆ ಅದರ ಗುರುತೂ ಅಷ್ಟಾಗಿ ಉಳಿದಿರಲಿಲ್ಲ. ಉಕ್ಕಿದ ಹಾಲು ಉರಿ ಇಳಿಸಿದರೆ ತಾನೇ ತಗ್ಗುತ್ತದೆ, ಪಾತ್ರೆಯನ್ನು ಬಾರಿಬಾರಿಗೂ ಕಲಕಬೇಕಿಲ್ಲ.

ವಿಲ್ಹೆಲ್ಮ್ ತಮ್ಮ ಸಹೋದ್ಯೋಗಿಗಳಾದ ಕ್ಯಾಥರೀನ್ ಫಿಲಿಪ್ಸ್ ಮತ್ತು ಗೇಲ್ ಸ್ಟೆಕೆಟೀ ಜೊತೆಗೂಡಿ ಇದನ್ನು ಬಿಡಿಡಿಗೆ ಒಗ್ಗಿಸಿದರು. ಮೂಗಿನ ಬಗ್ಗೆ ವಾದಕ್ಕೆ ಇಳಿಯುವುದೇ ಇಲ್ಲ ಎಂಬುದು ಅವರ ಚಿಕಿತ್ಸೆಯ ಜಾಣತನ. ಮೂಗು ಹೇಗಾದರೂ ಇರಲಿ, ಅದರ ಹಿಂದೆ ದಿನಕ್ಕೆಷ್ಟು ಗಂಟೆ ಹೋಗುತ್ತಿದೆ, ಯಾವ ಯಾವ ಕೆಲಸ ನಿಂತಿದೆ ಎಂಬಲ್ಲಿಂದ ಮಾತು ಶುರು. ಆಮೇಲೆ ಟೋಪಿ ತೆಗೆದು ಅಂಗಡಿಗೆ ಹೋಗುವುದು, ಬೆಳಕಿರುವ ಕಡೆ ಕೂತು ಊಟ ಮಾಡುವುದು, ಹೊರಡುವ ಮುನ್ನ ಕನ್ನಡಿಗೆ ಹಿಂತಿರುಗದಿರುವುದು. ಚರ್ಮ ಕೆರೆದುಕೊಳ್ಳುವವರಿಗೆ, ಮೈಕಟ್ಟು ಸಾಲದೆಂದು ಕೊರಗುವ ಜಿಮ್ ಹುಡುಗರಿಗೆ, ಆಪರೇಷನ್ ಬೇಕೇ ಬೇಕೆನ್ನುವವರಿಗೆ ಬೇರೆ ಬೇರೆ ಭಾಗಗಳಿವೆ. ಯಾರಿಗೆ ಯಾವುದು ಬೇಕೋ ಅದು. ಇಡೀ ಪದ್ಧತಿಯ ಹೆಸರು ಸಿಬಿಟಿ, ಅಂದರೆ ಯೋಚನೆ ಮತ್ತು ವರ್ತನೆ ಎರಡನ್ನೂ ತಿದ್ದುವ ಚಿಕಿತ್ಸೆ.

ಇದು ಫಲಿಸುತ್ತದೆಯೇ? 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 120 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ 24 ವಾರ ಚಿಕಿತ್ಸೆ ಕೊಟ್ಟರು. ಒಂದು ಪಾಲಿಗೆ ಈ ಸಿಬಿಟಿ, ಇನ್ನೊಂದು ಪಾಲಿಗೆ ಸಹಾನುಭೂತಿಯಿಂದ ಕೇಳಿ ಧೈರ್ಯ ತುಂಬುವ ಮಾತಿನ ಚಿಕಿತ್ಸೆ. ಸಿಬಿಟಿ ಪಡೆದವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಚೆನ್ನಾಗಿ ಚೇತರಿಸಿಕೊಂಡರು, ಮುಂದಿನ ಆರು ತಿಂಗಳೂ ಆ ಲಾಭ ನಿಂತಿತು. ಆದರೆ ನಡೆದದ್ದು ಎರಡು ಊರುಗಳಲ್ಲಿ. ಪ್ರಾವಿಡೆನ್ಸ್‌ನಲ್ಲಿ ಸಿಬಿಟಿ ಸ್ಪಷ್ಟವಾಗಿ ಮುಂದಿತ್ತು. ಬಾಸ್ಟನ್ನಿನಲ್ಲಿ, ಅಂದರೆ ವಿಲ್ಹೆಲ್ಮ್ ಅವರ ಸ್ವಂತ ಅಂಗಳದಲ್ಲೇ, ಬರೀ ಮಾತಿನ ಚಿಕಿತ್ಸೆಯೂ ಹೆಚ್ಚು ಹಿಂದೆ ಬೀಳಲಿಲ್ಲ. ಇದನ್ನು ಮುಚ್ಚಿಡದೆ ಬರೆದದ್ದು ನನಗೆ ಹಿಡಿಸಿತು. 2008ರಲ್ಲಿ ಅವರೇ ಡಿ-ಸೈಕ್ಲೋಸೆರಿನ್ ಎಂಬ ಹಳೆಯ ಕ್ಷಯದ ಔಷಧಿ ಒಸಿಡಿ ಚಿಕಿತ್ಸೆಯನ್ನು ಚುರುಕುಗೊಳಿಸುವಂತೆ ಕಾಣುತ್ತದೆ ಎಂದು 23 ಜನರ ಚಿಕ್ಕ ಪ್ರಯೋಗದಲ್ಲಿ ಹೇಳಿದ್ದರು. ಆಮೇಲೆ ಬೇರೆಯವರು ಮಕ್ಕಳಲ್ಲಿ ದೊಡ್ಡದಾಗಿ ಮಾಡಿ ನೋಡಿದಾಗ ಹೆಚ್ಚುವರಿ ಲಾಭ ಕಾಣಲಿಲ್ಲ. ಸಂಶೋಧನೆ ನಡೆಯುವುದೇ ಹೀಗೆ, ಎರಡು ಹೆಜ್ಜೆ ಮುಂದೆ, ಒಂದು ಪಕ್ಕಕ್ಕೆ. ಎಸ್‌ಎಸ್‌ಆರ್‌ಐ ಎಂಬ ಖಿನ್ನತೆಯ ಔಷಧಿಗಳ ಗುಂಪಿನ ಮಾತ್ರೆಗಳು ಎರಡೂ ಕಾಯಿಲೆಗಳಲ್ಲಿ ಕೆಲಸ ಮಾಡುತ್ತವೆ, ಆದರೆ ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ, ಎರಡು ಮೂರು ತಿಂಗಳ ತಾಳ್ಮೆಯೂ. ಹದಿನೈದು ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ನಿಲ್ಲಿಸುವವರಿದ್ದಾರೆ.

ತರಬೇತಾದ ಚಿಕಿತ್ಸಕರು ಬಾಸ್ಟನ್ನಿನಲ್ಲೇ ಸಾಲುವುದಿಲ್ಲ. ಹಾಗಾಗಿ ವಿಲ್ಹೆಲ್ಮ್ ತಂಡ ಮೊಬೈಲ್ ಆ್ಯಪ್ ಮಾಡಿ 80 ಜನರಲ್ಲಿ 12 ವಾರ ಪರೀಕ್ಷಿಸಿ ಒಳ್ಳೆಯ ಫಲಿತಾಂಶ ಕಂಡಿತು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಭಾರತೀಯ ಮನೋವೈದ್ಯರ ಸಂಘದ 2017ರ ಒಸಿಡಿ ಚಿಕಿತ್ಸಾ ಮಾರ್ಗಸೂಚಿಯನ್ನು ಬರೆದವರಲ್ಲಿ ಅಲ್ಲಿನ ವೈದ್ಯರೇ ಮುಂದಿದ್ದರು. ಎಲ್ಲಿಂದ ಶುರುಮಾಡಬೇಕು ಎಂದು ತೋಚದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಮಡಿಯ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಅಜ್ಜಿಯದು ಮಡಿಯೋ ಕಾಯಿಲೆಯೋ? ಒಂದು ಗುರುತು ಹೇಳಬಹುದು. ಮಡಿಗೆ ಮುಕ್ತಾಯವಿದೆ. ತಲೆಗೆ ನೀರು ಹಾಕಿಕೊಂಡು ಒಣಗಿದ ಮಡಿಸೀರೆ ಉಟ್ಟರೆ ಮುಗಿಯಿತು, ಅಜ್ಜಿ ಒಲೆಯ ಮುಂದೆ ಹಾಯಾಗಿ ಕೂರುತ್ತಾಳೆ. ಗೀಳಿನಲ್ಲಿ ‘ಮುಗಿಯಿತು’ ಎಂಬುದು ಒಳಗಿನಿಂದ ಬರುವುದೇ ಇಲ್ಲ. ನೀರಿನ ತೊಟ್ಟಿ ಖಾಲಿಯಾಗುತ್ತದೆ, ಕೈಯ ಚರ್ಮ ಸುಲಿಯುತ್ತದೆ, ಮನೆಯ ಉಳಿದವರೂ ಅವಳ ಲೆಕ್ಕಕ್ಕೆ ತಕ್ಕಂತೆ ಕಾಲು ತೊಳೆಯತೊಡಗುತ್ತಾರೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೀಗೆ ಹೋಗುತ್ತಿದ್ದರೆ ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಮನೆಯವರ ಈ ಸಹಕಾರವೇ ಚಿಕಿತ್ಸೆಯಲ್ಲಿ ಕೊನೆಗೆ ಉಳಿಯುವ ಗಂಟು. ಹದಿನೇಳರ ಹುಡುಗಿಯೊಬ್ಬಳು ಎಂದಿಟ್ಟುಕೊಳ್ಳಿ. ಕಾಲೇಜಿಗೆ ಹೊರಡುವ ಮುನ್ನ ‘ಅಮ್ಮಾ, ಮುಖ ಸರಿ ಕಾಣುತ್ತಿದೆಯಾ?’ ಎನ್ನುತ್ತಾಳೆ. ‘ಲಕ್ಷಣವಾಗಿದ್ದೀಯಲ್ಲೇ’ ಎನ್ನುತ್ತಾಳೆ ತಾಯಿ. ಎರಡು ನಿಮಿಷ ನೆಮ್ಮದಿ, ಮತ್ತೆ ಅದೇ ಪ್ರಶ್ನೆ. ತಾಯಿಯ ಮಾತು ಸುಳ್ಳಲ್ಲ, ಆದರೆ ಅದು ಇಪ್ಪತ್ತನೇ ಸಲ ನೋಡಿದ ಒಲೆ. ಹೀಗೆಂದು ತಾಯಿ ಏಕಾಏಕಿ ಮೌನವಾದರೆ ಮಗಳು ಅದನ್ನೂ ತಿರಸ್ಕಾರವೆಂದೇ ಓದುತ್ತಾಳೆ. ಅದಕ್ಕೆ ಮೊದಲೇ ಇಬ್ಬರನ್ನೂ ಕೂರಿಸಿ ಒಪ್ಪಂದ ಮಾಡಿಸುತ್ತಾರೆ, ಹೇಳಬೇಕಾದ ಮಾತನ್ನೂ ಗೊತ್ತುಮಾಡಿರುತ್ತಾರೆ. ಮಾರನೆಯ ಬೆಳಿಗ್ಗೆ ಅದೇ ಪ್ರಶ್ನೆ ಬಂದಾಗ ತಾಯಿ ಲೋಟ ಮುಂದಿಡುತ್ತಾಳೆ: ‘ಇದಕ್ಕೆ ನಾನು ಉತ್ತರ ಕೊಡುವುದಿಲ್ಲ ಎಂದು ಮಾತಾಗಿದೆಯಲ್ಲ. ಕಷ್ಟವಾಗುತ್ತಿದೆ ಎಂದು ಗೊತ್ತು ಕಣೇ. ಬಾ, ಕಾಫಿ ಆರುತ್ತಿದೆ.’